ಹೆಣ್ಣು ಸಾಲಿನ ಬೀಜ

ದನದ ಜಾತ್ರೆಯಲ್ಲಿ ಹೋರಿ ಕೊಳ್ಳಲು ಬಂದವರು ಹಲ್ಲು ಎಣಿಸಿದ ಮೇಲೆ ಹಿಂದಕ್ಕೆ ಹೋಗಿ ಬಗ್ಗಿ ನೋಡುತ್ತಾರೆ. ಬೀಜದ ಹೋರಿಯೋ, ಬೀಜ ಒಡೆಸಿದ್ದೋ ಎಂಬುದು ಅಲ್ಲಿನ ಪ್ರಶ್ನೆ. ಅದೇ ಪದ ಅಡುಗೆಮನೆಗೆ ಬಂದರೆ ಹಲಸಿನ ಬೀಜದ ಹುಳಿ, ಕರಾವಳಿಗೆ ಹೋದರೆ ಗೇರುಬೀಜ, ಮಂತ್ರದವರ ಬಾಯಲ್ಲಿ ಬೀಜಾಕ್ಷರ, ಶಾಲೆಯಲ್ಲಿ ಮಕ್ಕಳ ನಿದ್ದೆ ಕೆಡಿಸುವ ಬೀಜಗಣಿತ. ಸಂಸ್ಕೃತದ ಈ ಮಾತಿಗಿಂತ ಮೊದಲು ನಮ್ಮಲ್ಲಿ 'ಬಿತ್ತು' ಇತ್ತು. ಕಾಳಿಗೂ ಅದೇ ಹೆಸರು, ಕಾಳು ಹಾಕುವ ಕೆಲಸಕ್ಕೂ ಅದೇ. ಈಗ ಕೆಲಸವಷ್ಟೇ ಅದರ ಪಾಲಿಗೆ ಉಳಿದಿದೆ, ಕಾಳು ಬೀಜದ ಪಾಲಾಗಿದೆ.

ಇಷ್ಟು ಅರ್ಥಗಳಲ್ಲಿ ನನ್ನ ತಕರಾರು ಒಂದರ ಮೇಲೆ ಮಾತ್ರ: ಗಂಡಿನದು ಬೀಜ, ಹೆಣ್ಣು ಹೊಲ ಎಂಬುದು. ಮನುಸ್ಮೃತಿಯ 9ನೇ ಅಧ್ಯಾಯ ಇದನ್ನು ಬಿಡಿಸಿ ಬಿಡಿಸಿ ಚರ್ಚಿಸುತ್ತದೆ. ಒಂದೇ ನೆಲಕ್ಕೆ ಬೇರೆ ಬೇರೆ ಬೀಜ ಹಾಕಿದರೆ ಬೇರೆ ಬೇರೆ ಪೈರು ಬರುತ್ತದಲ್ಲ, ಆದ್ದರಿಂದ ಬೀಜವೇ ಹೆಚ್ಚು ಎನ್ನುತ್ತದೆ. ಸ್ವಲ್ಪ ಮುಂದೆ ಹೋದರೆ ಮಾತು ತಿರುಗುತ್ತದೆ. ಪರರ ಹೊಲದಲ್ಲಿ ಬಿತ್ತಿದವನಿಗೆ ಫಸಲಿಲ್ಲ. ಒಬ್ಬನ ಹೋರಿ ಇನ್ನೊಬ್ಬನ ಹಸುಗಳಲ್ಲಿ ನೂರು ಕರು ಹುಟ್ಟಿಸಿದರೂ ಕರುಗಳೆಲ್ಲ ಹಸುವಿನ ಒಡೆಯನವು. ವ್ಯಾಸರಿಂದ ಹುಟ್ಟಿದ ಧೃತರಾಷ್ಟ್ರ, ಪಾಂಡು ಇಬ್ಬರೂ ತೀರಿಹೋಗಿದ್ದ ವಿಚಿತ್ರವೀರ್ಯನ ಮಕ್ಕಳು ಎನಿಸಿಕೊಂಡದ್ದು ಈ ಲೆಕ್ಕದಿಂದಲೇ. ಅಂಥವರಿಗೆ ಕ್ಷೇತ್ರಜರೆಂದೇ ಹೆಸರು. ಬೀಜ ಗೆದ್ದರೆ ಬೀಜದವನಿಗೆ, ಹೊಲ ಗೆದ್ದರೆ ಹೊಲದ ಒಡೆಯನಿಗೆ. ಅವರನ್ನು ಹೆತ್ತ ಅಂಬಿಕೆ, ಅಂಬಾಲಿಕೆಯರ ಹೆಸರು ಎರಡು ಕಡೆಯೂ ಇಲ್ಲ. ಮಾನವಶಾಸ್ತ್ರಜ್ಞೆ ಲೀಲಾ ದುಬೆ 1986ರಲ್ಲಿ ಬರೆದ 'ಸೀಡ್ ಅಂಡ್ ಅರ್ಥ್' ಪ್ರಬಂಧ ಈ ಗಂಟನ್ನೇ ಬಿಚ್ಚುತ್ತದೆ. ಹುಟ್ಟಿನ ವಿವರಣೆಯಂತೆ ಕೇಳಿಸುವ ಮಾತು ಆಸ್ತಿಯ ಮಾತಾಗಿರುತ್ತದೆ.

ಜಾತಿಯ ಮಾತೂ ಹೌದು. ಮೇಲಿನ ಬೀಜ ಯಾವ ಹೊಲಕ್ಕೆ ಬಿದ್ದರೂ ನಡೆಯುತ್ತದೆ, ಮೇಲಿನ ಹೊಲಕ್ಕೆ ಕೆಳಗಿನ ಬೀಜ ಬೀಳಕೂಡದು. ಅನುಲೋಮ, ಪ್ರತಿಲೋಮ ಎಂದು ಶಾಸ್ತ್ರದವರು ಹೆಸರಿಟ್ಟು ವಿಂಗಡಿಸಿದ್ದು ಇದನ್ನೇ. ಮನೆಯ ಹುಡುಗ ಬೇರೆ ಜಾತಿಯವಳನ್ನು ಕಟ್ಟಿಕೊಂಡರೆ ಒಂದೆರಡು ವರ್ಷ ಮುನಿಸು. ಹುಡುಗಿ ಹೋದರೆ ಮಚ್ಚು ಹಿಡಿಯುವವರಿದ್ದಾರೆ. ಅವರು ಯಾವ ಸ್ಮೃತಿಯನ್ನೂ ಓದಿದವರಲ್ಲ. ಓದುವ ಅಗತ್ಯವೂ ಬೀಳಲಿಲ್ಲ, ಪದವೇ ಎಲ್ಲವನ್ನೂ ಕಲಿಸಿತ್ತು.

ಇದು ನಮ್ಮವರ ಸ್ವಂತ ಆಸ್ತಿ ಎಂದು ಹೆಮ್ಮೆಪಡುವ ಹಾಗೂ ಇಲ್ಲ, ನಾಚುವ ಹಾಗೂ ಇಲ್ಲ. ಕ್ರಿಸ್ತಪೂರ್ವ 458ರಲ್ಲಿ ಅಥೆನ್ಸಿನ ರಂಗದ ಮೇಲೆ ಈಸ್ಕಿಲಸನ ಅಪೊಲೊ ದೇವರು ತಾಯಿಯನ್ನು ಕೊಂದವನ ಪರವಾಗಿ ವಾದಿಸುತ್ತ, ಹೆತ್ತವನು ತಂದೆ ಮಾತ್ರ, ತಾಯಿ ಬರೀ ಸಾಕುವವಳು ಎಂದುಬಿಟ್ಟ. ಎರಡು ಸಾವಿರ ವರ್ಷ ಕಳೆದರೂ ಆ ವಾದ ಸವೆಯಲಿಲ್ಲ. 1694ರಲ್ಲಿ ಡಚ್ಚರ ನಿಕೊಲಾಸ್ ಹಾರ್ಟ್‌ಸೂಕರ್ ಅಚ್ಚು ಹಾಕಿಸಿದ ಚಿತ್ರದಲ್ಲಿ ವೀರ್ಯಾಣುವಿನ ತಲೆಯೊಳಗೆ ಮೊಣಕಾಲು ಮಡಚಿ ಕುಳಿತ ಪುಟ್ಟ ಮನುಷ್ಯನಿದ್ದಾನೆ. ಇಡೀ ಮಗು ಅಪ್ಪನಲ್ಲೇ ತಯಾರು, ಅಮ್ಮನದು ಜಾಗ ಅಷ್ಟೆ. ತಮಾಷೆಯೆಂದರೆ ಅದೇ 1694ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ರುಡಾಲ್ಫ್ ಕಾಮರೇರಿಯಸ್ ಹರಳುಗಿಡದ ಗಂಡು ಹೂಗಳನ್ನು ಅರಳುವ ಮೊದಲೇ ಚಿವುಟಿ, ಆಮೇಲೆ ಹೆಣ್ಣು ಹೂಗಳಲ್ಲಿ ಬೀಜ ಕಟ್ಟುವುದಿಲ್ಲ ಎಂದು ತೋರಿಸಿದ. ಬೀಜ ಕಟ್ಟುವುದು ಹೆಣ್ಣು ಹೂವಿನಲ್ಲಿ, ಗಂಡಿನಿಂದ ಬರುವುದು ಪರಾಗ. ಗಿಡದ ವಿಷಯದಲ್ಲಿ ಹೊಲ-ಬೀಜದ ಉಪಮೆ ಅಂದೇ ಸತ್ತಿತ್ತು. ಮನುಷ್ಯರ ವಿಷಯದಲ್ಲಿ ಯಾರೂ ಅದನ್ನು ಹೂಳಲಿಲ್ಲ.

ಬೀಜದೊಳಗಿನ ಪಾಲುಪಟ್ಟಿ ಇನ್ನೂ ಸ್ವಾರಸ್ಯದ್ದು. ಹೊರಗಿನ ಸಿಪ್ಪೆ ಪೂರ್ತಿ ತಾಯಿಯ ಅಂಗಾಂಶ, ತಂದೆಯದು ಅದರಲ್ಲಿ ಏನೂ ಇಲ್ಲ. ಮೊಳಕೆಯಾಗುವ ಭ್ರೂಣದಲ್ಲಿ ಇಬ್ಬರದೂ ಸಮಪಾಲು. ಆ ಭ್ರೂಣ ಬೆಳೆಯಲೆಂದು ಒಳಗೆ ಕಟ್ಟಿಟ್ಟ ಆಹಾರದಲ್ಲಿ, ಅಂದರೆ ಎಂಡೋಸ್ಪರ್ಮಿನಲ್ಲಿ, ತಾಯಿಯದು ಎರಡು ಪಾಲು, ತಂದೆಯದು ಒಂದು. 1898ರಲ್ಲಿ ರಷ್ಯದ ಸೆರ್ಗೈ ನವಾಶಿನ್ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡ ಜೋಡಿ ಫಲೀಕರಣದಿಂದ ತಿಳಿದ ಲೆಕ್ಕ ಇದು. ನಾವು ಉಣ್ಣುವ ಅನ್ನ, ಮುದ್ದೆಯ ಹಿಟ್ಟು, ಚಟ್ನಿಗೆ ತುರಿಯುವ ಕಾಯಿ ಬಹುಪಾಲು ಈ ಎರಡಕ್ಕೊಂದರ ಆಹಾರವೇ.

ಇದನ್ನು ತಿಳಿಯಲು ನವಾಶಿನ್ನನೇ ಬೇಕೆಂದಿಲ್ಲ, ರಾಣೆಬೆನ್ನೂರು ಕಡೆಯ ಹೈಬ್ರಿಡ್ ಬೀಜದ ಹೊಲಕ್ಕೆ ಹೋದರೆ ಸಾಕು. ಅಲ್ಲಿ ಗಂಡು ಸಾಲು, ಹೆಣ್ಣು ಸಾಲು ಬೇರೆ ಬೇರೆ. ಹತ್ತಿಯಾದರೆ ಸಂಜೆ ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿ ಸವರುತ್ತಾರೆ. 'ಕ್ರಾಸಿಂಗ್' ಎಂಬ ಈ ಕೆಲಸ ಮಾಡುವವರಲ್ಲಿ ಹೆಂಗಸರು, ಹುಡುಗಿಯರೇ ಹೆಚ್ಚು. ಕೊನೆಗೆ ಬೀಜ ಕೀಳುವುದು ಹೆಣ್ಣು ಸಾಲಿನಿಂದ ಮಾತ್ರ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ತಂದ ಹೆಸರಾಂತ ಹೈಬ್ರಿಡ್ ಹತ್ತಿ 'ವರಲಕ್ಷ್ಮಿ'ಯ ತಾಯಿ 'ಲಕ್ಷ್ಮಿ' ಎಂಬ ತಳಿ. ತಂದೆ ಎಸ್‌ಬಿ 289ಇ. ಮಗಳಿಗೆ ದಾಟಿದ್ದು ತಾಯಿಯ ಹೆಸರು, ಅಪ್ಪ ನಂಬರಾಗಿಯೇ ಉಳಿದ. ವಂಶದ ಚಿಂತೆ ಮಾಡುವವರು ಇದನ್ನು ಗಮನಿಸಿದಂತಿಲ್ಲ.

ಹಾಗೆಂದು ಉಪಮೆಯನ್ನು ಮಗುಚಿ, ಬೀಜವೂ ಹೆಣ್ಣೇ, ನೆಲವೂ ಹೆಣ್ಣೇ, ಪ್ರಕೃತಿಯೆಲ್ಲ ಹೆಣ್ಣೇ ಎಂದು ಕೈಮುಗಿಯಲು ನನಗೆ ಮನಸ್ಸಿಲ್ಲ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆಂದು ಯಾರೂ ನೆಲ ಅಗೆಯುವುದಿಲ್ಲ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಗೆ ಬಸುರಿ ಗದ್ದೆಗೆ ಬಯಕೆಯ ಅಡುಗೆ ಮಾಡಿ ಬಡಿಸುತ್ತಾರೆ. ಚೆಂದದ ಹಬ್ಬಗಳು, ನನಗೂ ಇಷ್ಟ. ಆದರೆ ಮುಟ್ಟಾದ ಭೂಮಿಗೆ ಎಣ್ಣೆ, ಸೀಗೆ ಇಟ್ಟು ಉಪಚರಿಸಿದ ಮನೆಗಳಲ್ಲಿಯೇ ಮುಟ್ಟಾದ ಹೆಂಗಸು ಜಗಲಿಯಾಚೆ ಕೂರುತ್ತಿದ್ದಳಲ್ಲ! 1988ರ 'ಸ್ಟೇಯಿಂಗ್ ಅಲೈವ್'ನಲ್ಲಿ ಪರಿಸರವಾದಿ ವಂದನಾ ಶಿವ ಹೆಣ್ಣಿಗೂ ಪ್ರಕೃತಿಗೂ ಇರುವ ನಂಟನ್ನು ಎತ್ತಿ ಹಿಡಿದರು. ಬೀಜ ಉಳಿಸಿದವರು ಹೆಂಗಸರೆಂಬ ಅವರ ಮಾತು ಸರಿಯೇ. ಆದರೆ ನನ್ನ ಓಟು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್‌ಗೆ. ಈ ನಂಟು ಹುಟ್ಟುಗುಣದ್ದಲ್ಲ, ಯಾರು ಯಾವ ಕೆಲಸ ಮಾಡುತ್ತಾರೆ, ಸೊತ್ತು ಯಾರ ಕೈಲಿದೆ ಎಂಬುದರಿಂದ ಬಂದದ್ದು ಎಂದು ಅವರು 1992ರಲ್ಲಿ ವಾದಿಸಿದರು. ಎರಡು ವರ್ಷದ ಮೇಲೆ ಬಂದ ಅವರ ದೊಡ್ಡ ಪುಸ್ತಕದ ಹೆಸರು 'ಎ ಫೀಲ್ಡ್ ಆಫ್ ಒನ್ಸ್ ಓನ್'. ಹೊಲವಾಗುವುದು ಬೇರೆ, ಹೊಲ ಇರುವುದು ಬೇರೆ.

ಬಯಲುಸೀಮೆಯಲ್ಲಿ ಕೂರಿಗೆ ಹೊಡೆಯುವವನು ಗಂಡಸು. ಹಿಂದೆ ನಡೆಯುತ್ತ, ಉಡಿಯಲ್ಲಿ ಕಟ್ಟಿಕೊಂಡ ಕಾಳನ್ನು ಕೂರಿಗೆಯ ಬಟ್ಟಲಿಗೆ ಬಿಡುವವಳು ಹೆಂಗಸು. ಆ ಕಾಳನ್ನು ಹಿಂದಿನ ಸುಗ್ಗಿಯಲ್ಲಿ ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಮಡಕೆಯ ಬಾಯಿಗೆ ಸಗಣಿ ಮೆತ್ತಿ ಕಾದವಳೂ ಅವಳೇ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟು. ಈಗ ಮಡಕೆ ಹೋಗಿ ಚೀಲ ಬಂದಿದೆ. ರಿಯಾಯಿತಿ ದರದ ಬಿತ್ತನೆ ಬೀಜಕ್ಕೆ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ ಬೇಕು, ಅದಕ್ಕೆ ಪಹಣಿ ಜೋಡಣೆಯಾಗಿರಬೇಕು. ಸಾಲಿನಲ್ಲಿ ನಿಂತವಳ ಸರದಿ ಬಂದಾಗ ಕೌಂಟರಿನಿಂದ ಬರುವ ಪ್ರಶ್ನೆ: "ಯಜಮಾನ್ರು ಬಂದಿಲ್ವೇನಮ್ಮಾ?"