ಕಕ್ಕಿಂಜೆ ಸೀಮೆಯ ಚಹಾ

ಕಕ್ಕಿಂಜೆ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆಯಿಂದ ಚಾರ್ಮಾಡಿ ಘಾಟಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರ ಬದಿಯ ಪೇಟೆ. ಇಲ್ಲಿ ಎಲ್ಲರೂ ಚಾ ಕುಡಿಯುತ್ತಾರೆ, ಯಾರೂ ಬೆಳೆಯುವುದಿಲ್ಲ. ಸುತ್ತಲಿನ ಬೆಳೆ ಅಡಿಕೆ, ತೆಂಗು, ರಬ್ಬರ್, ಕಾಳುಮೆಣಸು. ತಗ್ಗು ಪ್ರದೇಶವಾದುದರಿಂದ ಚಹಾ ಬರದು ಎಂಬ ಮಾತು ಅರ್ಧ ಸರಿ. ಅಸ್ಸಾಮಿನ ಬಯಲಲ್ಲಿ ಅದು ಹುಲುಸಾಗಿಯೇ ಬೆಳೆಯುತ್ತದೆ. ಕರಾವಳಿಯ ತೊಡಕು ಬೇರೆ. ನಾಲ್ಕು ತಿಂಗಳು ಜಡಿಮಳೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ. ಚಹಾ ಗಿಡಕ್ಕೆ ವರ್ಷದುದ್ದಕ್ಕೂ ಹಂಚಿ ಬೀಳುವ ಮಳೆ ಬೇಕು. ಅಡಿಕೆಗೆ ಬೆಲೆ ಇರುವಾಗ ಆ ಗೊಡವೆಗೆ ಹೋಗುವವರೂ ಇಲ್ಲ.

ಹೆಸರಿನಲ್ಲೇ ಪ್ರದೇಶದ ಗುರುತಿದೆ. ಮೈಸೂರು ಸೀಮೆಯ ‘ಟೀ’ ಕರಾವಳಿಯಲ್ಲಿ ‘ಚಾ’, ಅದರ ಪುಡಿ ‘ಚಾಹುಡಿ’. ಹಾಲಿಲ್ಲದ್ದು ಕಣ್ಣ ಚಾ. ಲಿಂಬೆ ಹಿಂಡಿದರೆ ಸುಲೈಮಾನಿ, ಬಿರಿಯಾನಿಯ ಮೇಲೆ ಕುಡಿಯುವಂಥದ್ದು. ಕೇರಳದಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕೃಷಿಕ ಕುಟುಂಬಗಳಲ್ಲಿ ಕಣ್ಣ ಚಾಕ್ಕೆ ಕಟ್ಟನ್ ಚಾಯ ಎನ್ನುತ್ತಾರೆ. ಮಜ್ಜಿಗೆಹುಲ್ಲಿನ ಚಾ, ಕೊತ್ತಂಬರಿ-ಜೀರಿಗೆಯ ಕಷಾಯ ಮನೆಮನೆಯ ಪಾನೀಯಗಳಾದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಚಹಾ ಅಲ್ಲ.

ಚಹಾ ಎಂದರೆ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ಬಿಳಿ, ಹಸಿರು, ಊಲಾಂಗ್, ಕಪ್ಪು ಎಂಬ ಭೇದ ಹುಟ್ಟುವುದು ಮುಖ್ಯವಾಗಿ ಸಂಸ್ಕರಣೆಯಲ್ಲಿ. ಕೊಯ್ದ ಎಲೆಯನ್ನು ಬಾಡಿಸಿ, ಹಿಸುಕಿ, ಗಾಳಿಗೆ ಕಪ್ಪಾಗಲು ಬಿಟ್ಟು ಒಣಗಿಸಿದರೆ ಕಪ್ಪು ಚಹಾ. ಕಪ್ಪಾಗುವ ಮೊದಲೇ ಬಿಸಿ ತಾಗಿಸಿ ತಡೆದರೆ ಹಸಿರು. ನಡುದಾರಿಯಲ್ಲಿ ನಿಲ್ಲಿಸಿದ್ದು ಊಲಾಂಗ್. ಎಳೆ ಮೊಗ್ಗನ್ನು ಬಾಡಿಸಿ ಒಣಗಿಸುವುದಷ್ಟೇ ಆದರೆ ಬಿಳಿ.

ಕಕ್ಕಿಂಜೆಯ ಹೋಟೆಲುಗಳಲ್ಲಿ ಕುದಿಯುವುದು ಸಾಮಾನ್ಯವಾಗಿ ಸಿಟಿಸಿ ವಿಧಾನದ ಕಪ್ಪು ಚಹಾ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಢಿಗೆ ಬಂದ ಈ ವಿಧಾನದಲ್ಲಿ ಹಲ್ಲಿನ ಉರುಳೆಗಳು ಎಲೆಯನ್ನು ಹರಿದು ಕಾಳಾಗಿಸುತ್ತವೆ. ಅದರಲ್ಲೂ ದಕ್ಷಿಣ ಭಾರತಕ್ಕೆ ಪ್ರಿಯವಾದುದು ‘ಡಸ್ಟ್’. ಹೆಸರು ಕೇಳಿ ಕಸವೆಂದುಕೊಳ್ಳಬಾರದು. ಅದು ಅತಿ ಸಣ್ಣ ಕಾಳಿನ ದರ್ಜೆ. ಬಣ್ಣ, ಒಗರು ಬೇಗ ಬಿಡುತ್ತದೆ, ಹಾಲು ಸಕ್ಕರೆಗೆ ಸೋಲುವುದಿಲ್ಲ. ಇಡೀ ಎಲೆಯ ಆರ್ಥೊಡಾಕ್ಸ್ ಚಹಾವನ್ನು ಹೀಗೆ ಹಾಲಲ್ಲಿ ಕುದಿಸುವುದು ದುಡ್ಡು ದಂಡ. ಅದಕ್ಕೆ ಬಿಸಿನೀರು ಹೊಯ್ದು ಮೂರು ನಾಲ್ಕು ನಿಮಿಷ ಮುಚ್ಚಿಟ್ಟರೆ ಸಾಕು.

ಖರೀದಿಯ ಮಾತಿಗೆ ಬಂದರೆ, ದಿನಬಳಕೆಯ ಪ್ಯಾಕೆಟ್ಟಿಗೆ ಕಕ್ಕಿಂಜೆ, ಉಜಿರೆ, ಬೆಳ್ತಂಗಡಿಯ ಅಂಗಡಿಗಳೇ ಆದೀತು. ಹತ್ತಿರದ ತೋಟದ ಚಹಾ ಬೇಕಿದ್ದವರು ಘಾಟಿ ಹತ್ತಬೇಕು. ಮೇಲಿನ ಕೊಟ್ಟಿಗೆಹಾರ ನೀರುದೋಸೆಗೆ ಹೆಸರಾದ ಊರು. ಅಲ್ಲಿಂದ ಕಳಸದ ಕಡೆಗೆ ಸಾಗಿದರೆ ಕೆಳಗೂರು ಚಹಾ ತೋಟ. ಕಳಸ ದಾಟಿ ಕುದುರೆಮುಖದ ದಾರಿಯಲ್ಲಿ ಸಂಸೆಯ ತೋಟ. ಕಾಫಿಯ ನಾಡೆಂದೇ ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇವು ಅಪರೂಪದ ಹಸಿರು ಹಾಸುಗಳು. ಕೊಡಗಿನಲ್ಲಿ ಗ್ಲೆನ್‌ಲೋರ್ನಾ ತೋಟವಿದೆ. ಕೆಳಗೂರಿನ ಪ್ಯಾಕೆಟ್ ಘಾಟಿಯ ಮೇಲಿನ ಅಂಗಡಿಗಳಲ್ಲಿ ಸಿಗುತ್ತದೆ. ಕಣ್ಣ ಚಾ ಕುಡಿಯುವವರು ಒಮ್ಮೆ ಕೊಂಡು ನೋಡತಕ್ಕದ್ದು.

ನೀಲಗಿರಿಯ ಚಹಾಕ್ಕೂ ಕನ್ನಡದ ನಂಟಿದೆ: ಅಲ್ಲಿನ ಸಣ್ಣ ಬೆಳೆಗಾರರಲ್ಲಿ ದೊಡ್ಡ ಪಾಲು ಬಡಗರದು, ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರದ್ದು. ಡಾರ್ಜಿಲಿಂಗ್, ಊಲಾಂಗ್, ಬಿಳಿ ಚಹಾಗಳನ್ನು ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕು. ಡಾರ್ಜಿಲಿಂಗ್ ಭಾರತದಲ್ಲಿ ಮೊದಲು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸರಕು. ಪೊಟ್ಟಣದ ಮೇಲೆ ಎಲೆ ಹಿಡಿದ ಹೆಂಗಸಿನ ದುಂಡು ಮುದ್ರೆ ಇದೆಯೇ ಎಂದು ನೋಡಿಕೊಳ್ಳಬೇಕು.

ಬಿಡಿ ಚಾಹುಡಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡಬಹುದು. ಒದ್ದೆ ಸೋಸುಕಾಗದದ ಮೇಲೆ ಚಿಟಿಕೆ ಹುಡಿ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ, ಬಣ್ಣ ಬೆರೆಸಿದ್ದು ಢಾಳಾದ ಕಲೆ ಬಿಡುತ್ತದೆ. ಕಬ್ಬಿಣದ ಪುಡಿ ಸೇರಿದ್ದರೆ ಅಯಸ್ಕಾಂತ ತೋರಿಸಿಕೊಡುತ್ತದೆ. ಚಹಾ ತೇವವನ್ನೂ ವಾಸನೆಯನ್ನೂ ಬೇಗ ಹೀರುವ ವಸ್ತು. ಒಣಮೀನಿನ ಪಕ್ಕ ತೆರೆದಿಟ್ಟ ಚೀಲದ ಹುಡಿ ಎಷ್ಟೇ ಅಗ್ಗವಿರಲಿ, ಬೇಡ.

ಮಳೆಗಾಲದಲ್ಲಿ ಚಿಗುರು ಭರದಿಂದ ಬೆಳೆಯುವುದರಿಂದ ಚಹಾದ ರುಚಿ ತೆಳುವಾಗುತ್ತದೆ. ದಕ್ಷಿಣದ ತೋಟಗಳ ಒಳ್ಳೆಯ ಎಲೆ ಚಳಿಗಾಲದ್ದು. ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದೂ ಮಳೆಗಾಲದಲ್ಲೇ, 2019ರ ಆಗಸ್ಟ್‌ನಲ್ಲಿ ಆದಂತೆ. ಮೇಲಿನ ತೋಟದ ಹುಡಿ ಬೇಕಾದವರು ಮೇ ತಿಂಗಳೊಳಗೆ ತಂದು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವುದು ಒಳ್ಳೆಯದು.