ಹೆಸರು ಒಂದೇ, ಅಳತೆ ಬೇರೆ

ಒಂದು ಕೋವಿಯಲ್ಲಿ ಸಲೀಸಾಗಿ ಕೂರುವ ತೋಟಾ ಇನ್ನೊಂದರಲ್ಲಿ ಸಿಕ್ಕಿಕೊಳ್ಳುವುದುಂಟು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಕದನದಲ್ಲಿ ಕೆನಡಾದ ಸೈನಿಕರಿಗೆ ಆದದ್ದು ಇದೇ. ಅವರ ರಾಸ್ ರೈಫಲ್‌ನಲ್ಲಿ ತೋಟಾ ಕೂರುವ ಗೂಡು, ಅಂದರೆ ಚೇಂಬರ್, ಬಲು ಬಿಗಿ. ಯುದ್ಧದ ಅವಸರದಲ್ಲಿ ಬ್ರಿಟನ್ನಿನಲ್ಲಿ ತಯಾರಾದ .303 ತೋಟಾಗಳ ಅಳತೆಯೋ ಅಷ್ಟು ಕರಾರುವಾಕ್ಕಲ್ಲ. ಬ್ರಿಟಿಷರ ಲೀ-ಎನ್‌ಫೀಲ್ಡ್‌ನ ಸಡಿಲ ಚೇಂಬರಿಗೆ ಅವು ಹೊಂದಿದವು, ರಾಸ್‌ನಲ್ಲಿ ಸಿಕ್ಕಿಬಿದ್ದವು. ಶತ್ರು ಎದುರಿಗಿರುವಾಗ ಬೋಲ್ಟ್ ಬಿಡಿಸಲು ಬೂಟುಗಾಲಿನಿಂದ ಒದೆಯಬೇಕಾಯಿತು. ಸಾವಿರಕ್ಕೂ ಹೆಚ್ಚು ಮಂದಿ ರಾಸ್ ಬಿಸುಟು ಲೀ-ಎನ್‌ಫೀಲ್ಡ್ ಎತ್ತಿಕೊಂಡರು. ಸಚಿವ ಸ್ಯಾಮ್ ಹ್ಯೂಸ್ ಮಾತ್ರ ರಾಸ್ ಪರವಾಗಿಯೇ ವಾದಿಸಿದರು. ಚೇಂಬರ್ ಅಗಲಿಸಿದರೂ ಸೈನಿಕರ ನಂಬಿಕೆ ಮರಳಲಿಲ್ಲ. 1916ರಲ್ಲಿ ಪದಾತಿಗಳ ಕೈಗೆ ಲೀ-ಎನ್‌ಫೀಲ್ಡ್ ಬಂತು. ದೂರದ ಗುರಿ ಹಿಡಿಯುವ ಸ್ನೈಪರ್‌ಗಳು ರಾಸನ್ನೇ ಉಳಿಸಿಕೊಂಡರು.

ನಾವು ಮಕ್ಕಳಿಗೆ ಯುದ್ಧದ ಪಾಠ ಮಾಡುವಾಗ ಸೇನಾಪತಿಗಳ ಹೆಸರಿನ ಜೊತೆ ಈ ಕೂದಲೆಳೆಯ ಅಂತರವನ್ನೂ ಹೇಳಬೇಕು. ಅದಕ್ಕೆ ಬೆಲೆ ತೆತ್ತವರು ಕಂದಕದಲ್ಲಿದ್ದ ಹುಡುಗರು.