ಮಾಮೂಲ್‌ಪೇಟೆಯ ವಾಲ್ವ್, ಮಂದ್ರದ ತಂತಿ

ಮಾಮೂಲ್‌ಪೇಟೆಯ ಒಂದು ಗಲ್ಲಿಯಲ್ಲಿ ನನ್ನ ಸೋದರಮಾವ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅದನ್ನು ಅಂಗಡಿ ಎನ್ನುವುದಕ್ಕಿಂತ ಮೆಟ್ಟಿಲ ಕೆಳಗಿನ ಗೂಡು ಎಂದರೆ ಸರಿ. ಒಳಗೆ ಎರಡು ಆಂಪ್ಲಿಫೈಯರ್, ಗೋಡೆಗೆ ನೇತುಹಾಕಿದ ಐದಾರು ಭೋಂಪುಗಳು, ಸುರುಳಿ ಸುತ್ತಿದ ವೈರು, ಸಾಲ್ಡರಿಂಗ್ ಐರನ್ನಿನ ಸುಟ್ಟ ವಾಸನೆ. ಮಿಲಾದ್ ಜಲ್ಸಾಕ್ಕೆ ಹೋಗಿ ಬಂದ ಆಂಪ್ಲಿಫೈಯರೇ ಗಣೇಶನ ಪೆಂಡಾಲಿಗೂ ಹೋಗುತ್ತಿತ್ತು, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೂ ಹೋಗುತ್ತಿತ್ತು. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಬರುವ ರಾತ್ರಿ ಊರಿನ ಮೈಕ್‌ಸೆಟ್‌ನವರಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಬಾಡಿಗೆ ಎಲ್ಲರಿಗೂ ಒಂದೇ. ಮಾಮೂಲಿ ಗಿರಾಕಿಗಳಿಗೆ ಸ್ವಲ್ಪ ರಿಯಾಯಿತಿ.

ಆ ಗೂಡಿಗೆ ಒಂದು ಸಂಜೆ ಆರ್ಕೆಸ್ಟ್ರಾದ ಹುಡುಗನೊಬ್ಬ ಬೇಸ್ ಗಿಟಾರ್ ಹೊತ್ತು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಉದ್ದ ಕತ್ತು, ದಪ್ಪನೆಯ ನಾಲ್ಕೇ ತಂತಿ. ಮೈಕಿನ ತೂತಿಗೆ ವೈರು ಸಿಕ್ಕಿಸಿ ಬಾರಿಸಿದ. ಭೋಂಪಿನಿಂದ ‘ಟಕ್ ಟಕ್’ ಎಂಬ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಮಾಮೂ ನಕ್ಕು, “ಬೇಟಾ, ನಿನ್ನ ಸಾಜ್‌ಗೆ ಗಂಟಲೇ ಇಲ್ಲವಲ್ಲ” ಎಂದರು. ಹುಡುಗ ಸಿಟ್ಟಾಗಲಿಲ್ಲ. “ಗಂಟಲಿದೆ ಚಾಚಾ, ನಿಮ್ಮ ಭೋಂಪಿಗೆ ಕಿವಿ ಇಲ್ಲ” ಎಂದ.

ಸರಿ ಹೇಳಿದವನು ಹುಡುಗ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದು ಗಂಡು ದನಿಗಿಂತಲೂ ತಗ್ಗು, ನಮ್ಮ ಸಂಗೀತದ ಮಂದ್ರಕ್ಕಿಂತ ಇನ್ನೂ ಕೆಳಗಿನ ಮಾತು. ಉರ್ದುವಿನಲ್ಲಿ ಉಸ್ತಾದರು ‘ಖರಜ್’ ಎಂದು ಕರೆಯುವ ತಳಪಾಯದ ಸ್ವರವನ್ನು ನೆನೆದುಕೊಳ್ಳಿ. ಭೋಂಪು ಮಾತಿಗೆಂದೇ ಹುಟ್ಟಿದ್ದು, ವಅಜ್ ಆಗಲಿ, ಭಾಷಣವಾಗಲಿ ಅರ್ಧ ಮೈಲಿ ದೂರಕ್ಕೆ ಕೇಳಿಸಬೇಕು. ತಗ್ಗಿನ ಕಂಪನಗಳು ಅದರ ಸಣ್ಣ ಬಾಯಿಂದ ಹೊರಡುವುದೇ ಇಲ್ಲ. ಬೇಸಿಗೆ ಬೇಕಾದದ್ದು ಅಗಲವಾದ ಕಾಗದದ ಕೋನು, ಅದನ್ನು ಕೂರಿಸಲು ಗಟ್ಟಿ ಪೆಟ್ಟಿಗೆ, ಅದನ್ನು ದೂಡಲು ಬೇಕಾದಷ್ಟು ಶಕ್ತಿ. ಹಾಗಾಗಿ ಬೇಸ್ ಗಿಟಾರಿನ ಚರಿತ್ರೆಯನ್ನು ಆಂಪ್ಲಿಫೈಯರಿನ ಚರಿತ್ರೆಯಿಂದ ಬಿಡಿಸಿ ಹೇಳಲಾಗದು. ಒಂದಿಲ್ಲದೆ ಇನ್ನೊಂದು ಮೂಕ.

ಹಿಂದೆ ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ತಗ್ಗಿನ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು. ಹೊತ್ತೊಯ್ಯುವುದು ಕಷ್ಟ, ತುತ್ತೂರಿ-ಡ್ರಮ್ಮುಗಳ ನಡುವೆ ಕೇಳಿಸುವುದು ಇನ್ನೂ ಕಷ್ಟ. 1930ರ ದಶಕದ ನಡುವಿನಲ್ಲಿ ಅಮೆರಿಕದ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬಾತ ಗಿಟಾರಿನಂತೆ ಅಡ್ಡ ಹಿಡಿಯುವ ವಿದ್ಯುತ್ ಬೇಸ್ ಒಂದನ್ನು ಆಡಿಯೋವಾಕ್ಸ್ ಹೆಸರಿನಲ್ಲಿ ಮಾಡಿ ಮಾರಿದ. ಜನ ಕೊಳ್ಳಲಿಲ್ಲ. ಇಂದು ಅವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಗೆದ್ದವನು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ನನಗೆ ಈತನ ಮೇಲೆ ವಿಶೇಷ ಮೋಹ. ಓದಿದ್ದು ಲೆಕ್ಕಪತ್ರ, 1938ರಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ, ಗಿಟಾರ್ ನುಡಿಸಲು ಮಾತ್ರ ಬರುತ್ತಿರಲಿಲ್ಲ. ನಮ್ಮ ಎಸ್.ಪಿ. ರಸ್ತೆಯ ಯಾವ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಬೇಕಾದರೂ ಸ್ಟೂಲು ಹಾಕಿ ಕೂರಿಸಬಹುದಾದ ಮನುಷ್ಯ. 1951ರಲ್ಲಿ ಆತ ಪ್ರಿಸಿಷನ್ ಬೇಸ್ ಹೊರತಂದ. ಡಬಲ್ ಬೇಸಿನ ಕತ್ತಿನಲ್ಲಿ ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆಯಷ್ಟು ಜಾರಿದರೂ ಶ್ರುತಿ ತಪ್ಪುತ್ತದೆ. ಇಲ್ಲಿ ವೀಣೆಯಂತೆ ಮೆಟ್ಟಿಲಿರುವುದರಿಂದ ಸ್ವರ ನಿಖರ, ಹೆಸರೂ ಅದೇ. ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಎಂಬ ವಾಲ್ವ್ ಆಂಪ್ಲಿಫೈಯರ್ ಬಂತು. 1960ರಲ್ಲಿ ಜಾಜ್ ಬೇಸ್.

ಇಲ್ಲಿ ಒಂದು ತಮಾಷೆ. ಬಾಸ್‌ಮನ್ ಬೇಸಿಗಿಂತ ಮಾಮೂಲಿ ಗಿಟಾರಿಗೇ ಹೆಚ್ಚು ಒಗ್ಗಿತು. ಜೋರು ಮಾಡಿದರೆ ಅದರ ದನಿ ಒಡೆಯುತ್ತಿತ್ತು, ಆ ಒಡಕೇ ಗಿಟಾರಿನವರಿಗೆ ರುಚಿಸಿತು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಆಂಪ್ಲಿಫೈಯರ್ ಮಾಡಿಸುವಾಗ ಮುಂದಿಟ್ಟುಕೊಂಡ ಮಾದರಿ ಇದೇ. ರಾಕ್ ಸಂಗೀತದ ಅಬ್ಬರವೆಲ್ಲ ಬೇಸಿಗೆಂದು ಮಾಡಿ ಬೇಸಿಗೆ ಅಷ್ಟಾಗಿ ಒದಗದ ಒಂದು ಡಬ್ಬಿಯಿಂದ ಹೊರಟಿತು ಎಂದರೆ ಪೂರ್ತಿ ಸುಳ್ಳಲ್ಲ. ಬೇಸಿನವರಿಗೆ ನಿಜವಾಗಿ ಆಸರೆಯಾದದ್ದು ಆಂಪೆಗ್. ಡಬಲ್ ಬೇಸಿನ ಕೆಳಗಿನ ಊರುಗೋಲಿನೊಳಗೆ ಮೈಕ್ ಕೂರಿಸಿದ ಎವರೆಟ್ ಹಲ್ ಎಂಬ ವಾದಕ ಕಟ್ಟಿದ ಕಂಪನಿ ಅದು. ಅದರ 1960ರ ಬಿ-15 ಸ್ಟುಡಿಯೋಗಳ ಮನೆಮಗುವಾಯಿತು. 1969ರಲ್ಲಿ ಬಂದ ಎಸ್‌ವಿಟಿ ಎಂಬುದರಲ್ಲಿ 14 ವಾಲ್ವು, 300 ವಾಟ್ ಶಕ್ತಿ, ತಲೆಭಾಗವೊಂದೇ 40 ಕಿಲೋ ಹತ್ತಿರ ಭಾರ. ಅದನ್ನೆತ್ತಿ ಬೆನ್ನು ಹಿಡಿದುಕೊಂಡವರ ಚರಿತ್ರೆಯನ್ನು ಯಾರೂ ಬರೆದಿಲ್ಲ.

ಇಷ್ಟೆಲ್ಲ ನಮ್ಮೂರಿಗೆ ಹೇಗೆ ಸಂಬಂಧ ಎಂದು ಕೇಳುತ್ತೀರಿ. ಸಂಬಂಧ ಇರುವುದು ವಾಲ್ವಿನಲ್ಲಿ.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅರ್ಧ ಶತಮಾನದ ಬಳಿಕ, 1954ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಗಿ ಜಾಲಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಸೈನ್ಯಕ್ಕೆ ಬೇಕಾದ ಸಂಪರ್ಕ ಸಾಧನಗಳನ್ನು ಮಾಡುವುದು ಅದರ ಮೂಲ ಉದ್ದೇಶ. ಆದರೆ 1961ರಿಂದ ಅಲ್ಲಿ ರೇಡಿಯೊ ವಾಲ್ವುಗಳೂ ತಯಾರಾದವು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರಿನ ಕೆಲಸವೂ ಶುರುವಾಯಿತು. ಅಂದರೆ ವಾಲ್ವಿನ ಬೆನ್ನಿಗೇ ಅದರ ಮೃತ್ಯುವೂ ಅದೇ ಆವರಣದಲ್ಲಿ ಹುಟ್ಟಿತ್ತು. ಬಿಇಎಲ್ ವಾಲ್ವುಗಳಿಗೆ ಯುರೋಪಿನ ಹೆಸರುಗಳು: ಇಸಿಸಿ83, ಇಎಲ್84. ಮೊದಲ ‘ಇ’ ಎಂದರೆ ಒಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟ್ ಬೇಕು ಎಂದು. ಎರಡು ‘ಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ‘ಎಲ್’ ಎಂದರೆ ಸ್ಪೀಕರನ್ನು ದೂಡುವ ಶಕ್ತಿಯುಳ್ಳ ವಾಲ್ವು. ಮನೆಮನೆಯ ರೇಡಿಯೊಗೆಂದು ಮಾಡಿದ ಈ ಜಾತಿಯ ವಾಲ್ವುಗಳೇ ಇಂಗ್ಲೆಂಡಿನ ವಾಕ್ಸ್ ಗಿಟಾರ್ ಆಂಪ್ಲಿಫೈಯರಿನಲ್ಲೂ ಇದ್ದವು. ಎರಡು ಇಎಲ್84 ಕೂಡಿದರೆ 15 ವಾಟ್, ನಾಲ್ಕಾದರೆ 30. ರೇಡಿಯೊ ವಾರ್ತೆ ಓದಿದ ಗಾಜೇ ಬೀಟಲ್ಸ್‌ಗೂ ದನಿ ಕೊಟ್ಟಿತು.

ವಾಲ್ವಿನ ಕಾಲ ಮುಗಿದಾಗ ನಮ್ಮವರು ಅದನ್ನು ಗುಜರಿಗೆ ಹಾಕಿದರು. ನನ್ನ ಮಾಮೂ ಕೂಡ. 1990ರ ಸುಮಾರಿಗೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಂಡು, ಹಳೆಯವೆರಡನ್ನು ಮೂಟೆಯಷ್ಟು ಬಿಡಿ ವಾಲ್ವುಗಳ ಜೊತೆ ತೂಕಕ್ಕೆ ಮಾರಿಬಿಟ್ಟರು. ಗುಜರಿಯವನು ತಾಮ್ರಕ್ಕೆ ಬೆಲೆ ಕಟ್ಟಿದ, ಕಬ್ಬಿಣಕ್ಕೆ ಕಟ್ಟಿದ, ಗಾಜಿಗೆ ಏನೂ ಇಲ್ಲ ಎಂದ. ಪೆಟ್ಟಿಗೆ ಸಮೇತ ಇದ್ದ ಹೊಸ ವಾಲ್ವುಗಳೂ ಅದರಲ್ಲಿದ್ದವು. ಇಂದು ಯುರೋಪು, ಅಮೆರಿಕದ ಗಿಟಾರ್ ಪ್ರಿಯರು ಬಿಇಎಲ್ ಮುದ್ರೆಯ ಇಎಲ್84 ಜೋಡಿಯನ್ನು ಹುಡುಕಿ ಕೊಳ್ಳುತ್ತಾರೆ. ಇದನ್ನು ನಾನು ಮಾಮೂಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಆ ದುಡ್ಡಲ್ಲಿ ನಿನ್ನ ಅಕ್ಕನ ನಿಕಾಹ್‌ಗೆ ಬಿರಿಯಾನಿಯ ಅಕ್ಕಿ ಬಂತು” ಎಂದರು. ಅದಕ್ಕೆ ಏನು ಉತ್ತರ ಕೊಡುವುದು?

ಹಳೆಯ ಸಾಮಾನು ಸಂಗ್ರಹಿಸುವವರ ಬಗ್ಗೆ ನನಗೆ ಎರಡು ಮನಸ್ಸು. ಲಿಯೋ ಫೆಂಡರ್ 1965ರ ಜನವರಿಯಲ್ಲಿ ತನ್ನ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಅದಕ್ಕೆ ಮುಂಚಿನ ಬೇಸುಗಳಿಗೆ ಒಂದು ಬೆಲೆ, ನಂತರದವಕ್ಕೆ ಇನ್ನೊಂದು. ಎಷ್ಟೋ ವಾದ್ಯಗಳು ಹೀಗೆ ಗಾಜಿನ ಕಪಾಟು ಸೇರಿ ಮೌನವಾಗಿವೆ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದ ಕಪ್ಪು ಜನಾಂಗದ ಕಲಾವಿದ ಜೇಮ್ಸ್ ಜಾಮರ್‌ಸನ್ 1983ರಲ್ಲಿ ತೀರಿಕೊಂಡ. ಸಾವಿಗೆ ಕೆಲವೇ ದಿನ ಮುಂಚೆ ಅವನ 1962ರ ಪ್ರಿಸಿಷನ್ ಬೇಸ್ ಕಳುವಾಗಿತ್ತು, ಇನ್ನೂ ಸಿಕ್ಕಿಲ್ಲ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡಿದ್ದ ಪಿಟೀಲಿನಾಕಾರದ ಹಾಫ್ನರ್ ಬೇಸ್ 1972ರಲ್ಲಿ ಕಳುವಾಗಿ, ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ ಒಡೆಯನಿಗೆ ಮರಳಿದ ಸುದ್ದಿ 2024ರ ಫೆಬ್ರವರಿಯಲ್ಲಿ ಜಗತ್ತಿಗೆಲ್ಲ ತಿಳಿಯಿತು. ಎರಡೂ ಕಳುವಿನ ಕತೆಗಳೇ.

ನಮ್ಮಲ್ಲಿ ಅಂಥ ವಾದ್ಯಗಳು ಬಂದದ್ದೇ ಕಡಿಮೆ. 1991ಕ್ಕೆ ಮುಂಚೆ ವಿದೇಶಿ ವಾದ್ಯ ತರಿಸುವುದು ಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ. ಕೋಲ್ಕತ್ತದ ಗಿವ್ಸನ್ ಗಿಟಾರು, ಅಹುಜಾ ಆಂಪ್ಲಿಫೈಯರು, ಬಡಗಿಯ ಕೈಲಿ ಹೊಡೆಸಿದ ಸ್ಪೀಕರ್ ಪೆಟ್ಟಿಗೆ, ಇವುಗಳಲ್ಲೇ ಆರ್ಕೆಸ್ಟ್ರಾದವರು ಸಂಸಾರ ತೂಗಿಸಿದರು. ಆದರೂ ಬೇಸಿನ ರುಚಿ ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ಪಳಗಿದ ಇಳಯರಾಜ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟಾಗ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವುದು ಹೋಟೆಲ್ ರೇಡಿಯೊದಲ್ಲೂ ತಿಳಿಯುತ್ತಿತ್ತು. ಆ ಹುಡುಗ ನಮ್ಮ ಭೋಂಪಿನಲ್ಲಿ ಕೇಳಿಸಲು ಹೆಣಗಿದ್ದು ಅದನ್ನೇ ಎಂದು ನನಗೆ ಅರ್ಥವಾಗಲು ಹತ್ತಾರು ವರ್ಷ ಬೇಕಾದವು.

ಈಗ ಭಾನುವಾರ ಬೆಳಿಗ್ಗೆ ನಾನು ಸಂಡೇ ಬಜಾರ್ ಸುತ್ತುತ್ತೇನೆ. ಕಥೆ ಬರೆಯುವವನಿಗೆ ಇದೊಂದು ದುಶ್ಚಟ. ವಾಲ್ವು ಸಿಕ್ಕರೆ ಮೊದಲು ಅದರ ಗಾಜಿನ ನೆತ್ತಿ ನೋಡಬೇಕು. ಅಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪವಿರುತ್ತದೆ, ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲು ಬಳಿದದ್ದು. ಅದು ಹಾಲಿನಂತೆ ಬಿಳುಪಾಗಿದ್ದರೆ ಗಾಜು ಸೀಳಿ ಗಾಳಿ ಹೊಕ್ಕಿದೆ, ಕೈಬಿಡಬೇಕು. ಹಳೆಯ ಆಂಪ್ಲಿಫೈಯರ್ ಸಿಕ್ಕಿತೆಂದು ಸೀದಾ ಪ್ಲಗ್ ಹಾಕುವ ಆತುರ ಬೇಡ. ಒಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅಡಗಿ ಕೂತು ಜೀವ ತೆಗೆಯಬಲ್ಲದು. ಸ್ಪೀಕರ್ ಜೋಡಿಸದೆ ಚಾಲೂ ಮಾಡಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಇದೆಲ್ಲ ನನಗೆ ಕಲಿಸಿದವರು ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಒಬ್ಬ ಹಿರಿಯರು. ಕಣ್ಣು ಮಂಜಾಗಿದೆ, ಸುತ್ತುಗಳನ್ನು ಬೆರಳಲ್ಲೇ ಎಣಿಸುತ್ತಾರೆ. ಮಗ ಮೊಬೈಲ್ ಕವರ್ ಮಾರುತ್ತಾನೆ. ಆ ಕೈಕಸುಬು ಅವರ ಜೊತೆಗೇ ಮುಗಿಯುತ್ತದೆ. ವಾಲ್ವಿಗೆ ಗಿರಾಕಿಗಳು ಸಾವಿರ ಮೈಲಿಯಿಂದ ಬರುತ್ತಾರೆ, ಈ ಬೆರಳುಗಳನ್ನು ಕೇಳಿಕೊಂಡು ಬಂದವರನ್ನು ನಾನು ಕಂಡಿಲ್ಲ.

ಕಳೆದ ಚಳಿಗಾಲದಲ್ಲಿ ಎರಡು ಇಎಲ್84, ಒಂದು ಇಸಿಸಿ83, ಎಲ್ಲಿಂದಲೋ ಬಂದ ಒಂದು ಹಳೆಯ ಚಾಸಿಸ್ ಸೇರಿಸಿ ಅವರು ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟರು. 15 ಇಂಚಿನ ಸ್ಪೀಕರಿಗೆ ಬಡಗಿಯ ಬಳಿ ಪೆಟ್ಟಿಗೆ ಮಾಡಿಸಿದೆ. ಬೇಸ್ ಗಿಟಾರ್ ಸ್ನೇಹಿತನ ಮಗನದು. ಮಾಮೂಗೆ ಈಗ ಕಿವಿ ಸರಿಯಾಗಿ ಕೇಳಿಸದು, ಆದರೂ ಕರೆತಂದು ಗಲ್ಲಿಯ ಅಂಗಡಿಯಲ್ಲಿ ಕೂರಿಸಿದೆವು. ವಾಲ್ವುಗಳು ಕೆಂಡದ ಬಣ್ಣಕ್ಕೆ ತಿರುಗುವವರೆಗೆ ಅರ್ಧ ನಿಮಿಷ ಕಾದು ಹುಡುಗ ದಪ್ಪ ತಂತಿಯನ್ನು ಮೀಟಿದ. ಎದುರಿನ ಅಂಗಡಿಯ ಅರ್ಧ ಎಳೆದ ಶಟರ್ ಗಡಗಡ ನಡುಗಿತು. ಮಾಮೂ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, “ಇನ್ನೊಂದು ಸಲ” ಎಂದರು.